ಅಂತಿಮ ಜಯದ ನಂಬಿಕೆ: ಕಾವೇರಿ ಬಯಲಿನ ಕ್ರೈಸ್ತರಲ್ಲಿ ಅದರ ಮೂರು ರೂಪಗಳು

ಕೆಡುಕು ಎಷ್ಟೇ ಬಲಿತರೂ ಕೊನೆಗೆ ದೇವರೇ ಗೆಲ್ಲುತ್ತಾನೆ ಎಂಬ ಕ್ರೈಸ್ತ ನಂಬಿಕೆಗೆ ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ 'ಪ್ರಕಟನೆ' ಮುಖ್ಯ ಆಧಾರ. ಅದರಲ್ಲಿ ಘಟಸರ್ಪದ ರೂಪದ ಸೈತಾನನು ಸಾವಿರ ವರ್ಷ ಬಂಧಿತನಾಗಿದ್ದು, ಮತ್ತೊಮ್ಮೆ ಬಿಡುಗಡೆ ಹೊಂದಿ, ಕಡೆಗೆ ಶಾಶ್ವತವಾಗಿ ಸೋಲುತ್ತಾನೆ. ಈ ಸಾವಿರ ವರ್ಷಗಳನ್ನು ಸಂತ ಆಗಸ್ಟೀನನು (354–430) ಧರ್ಮಸಭೆಯ ವರ್ತಮಾನಕಾಲವೆಂದೇ ಅರ್ಥೈಸಿದ್ದರಿಂದ, ಕಥೋಲಿಕ ಪರಂಪರೆಯಲ್ಲಿ ಜಯವು ಕಡೇ ನ್ಯಾಯತೀರ್ಪಿನ ದಿನಕ್ಕೆ ಸೇರಿದ ವಿಷಯವಾಯಿತೇ ಹೊರತು ಇತಿಹಾಸದಲ್ಲಿ ಕಣ್ಣಿಗೆ ಕಾಣಬೇಕಾದ ಘಟನೆಯಾಗಿ ಉಳಿಯಲಿಲ್ಲ. ಕಾವೇರಿ ಬಯಲಿನ ಬನ್ನೂರು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಮಹಿಷಾಸುರನ ವಧೆಯನ್ನು ನವರಾತ್ರಿ ವರ್ಷವರ್ಷವೂ ನೆನಪಿಸುತ್ತದೆ. ಕ್ರೈಸ್ತ ಕಲ್ಪನೆಯಲ್ಲಾದರೋ ಕಡೆಯ ಯುದ್ಧ ಒಂದೇ ಬಾರಿ ನಡೆದು ಮುಗಿಯತಕ್ಕದ್ದು.

ಈ ನಂಬಿಕೆ ಕಠಿಣ ಪರೀಕ್ಷೆಗೆ ಒಳಗಾದದ್ದು ಬನ್ನೂರಿನಿಂದ ನದಿಯ ಮೇಲ್ಬದಿಗಿರುವ ಶ್ರೀರಂಗಪಟ್ಟಣದಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಇಲ್ಲಿಗೆ ತರಿಸಿದನು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಬಳಿಕ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅಲ್ಲಿನ ಗಂಜಾಂನಲ್ಲಿ ಚರ್ಚು ಕಟ್ಟಿಸಿದನು, ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸದಲ್ಲೂ ತೊಡಗಿದನು. ಸೆರೆ ಮುಗಿದ ಬೆನ್ನಿಗೇ ಬಂದ ಇಂಥವನು ವಿಜಯೋತ್ಸಾಹದಿಂದ ಬರೆಯಬೇಕಿತ್ತೆಂದು ಓದುಗರು ಎಣಿಸಬಹುದು. ಆದರೆ 1823ರಲ್ಲಿ ಸ್ವದೇಶಕ್ಕೆ ಮರಳಿ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತೆಂದೂ, ತನ್ನ ದೀರ್ಘ ಸೇವೆಯ ಫಲ ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದೂ ಅವನು ಒಪ್ಪಿಕೊಂಡನು. ಮರುವರ್ಷವೇ ಜೇಮ್ಸ್ ಹಫ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಇದಕ್ಕೆ ಉತ್ತರವಾಗಿ ಪುಸ್ತಕವನ್ನೇ ಬರೆದನು. ಈ ವಾದವನ್ನು ಮತಾಂತರದ ಲೆಕ್ಕಾಚಾರವೆಂದು ಮಾತ್ರ ಓದುವುದು ಸಾಲದು: ದೇವರ ಜಯ ಇತಿಹಾಸದೊಳಗೇ ಸಿದ್ಧಿಸಬೇಕೇ ಎಂಬ ಹಳೆಯ ಪ್ರಶ್ನೆಯೇ ಅದರ ಬೇರು. ದ್ಯುಬುವಾನ ನಿರಾಶೆ ಆಗಸ್ಟೀನನ ಪರಂಪರೆಗೆ ವಿರುದ್ಧವಾದುದಲ್ಲ. ಮಿಷನ್ನಿನ ಸೋಲು ಅಲ್ಲಿ ದೇವರ ಸೋಲಾಗುವುದಿಲ್ಲ.

ಪ್ರೊಟೆಸ್ಟೆಂಟರ ನಿರೀಕ್ಷೆ ಬೇರೆಯದು. ಸುವಾರ್ತೆ ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ ಸಾವಿರ ವರ್ಷದ ಆಳ್ವಿಕೆ ಬರುತ್ತದೆಂದು ಹತ್ತೊಂಬತ್ತನೆಯ ಶತಮಾನದ ಹಲವು ಮಿಷನರಿಗಳು ನಂಬಿದ್ದರು. ಜರ್ಮನಿಯ ವ್ಯೂರ್ಟೆಂಬರ್ಗಿನ ಬೆಂಗೆಲ್ (1687–1752) ಎಂಬ ಪಂಡಿತನಂತೂ ಪ್ರಕಟನೆಯ ಅಂಕಿಗಳಿಂದ ಅದರ ಆರಂಭಕ್ಕೆ 1836ನೇ ಇಸವಿಯನ್ನೇ ಗುಣಿಸಿ ಹೇಳಿದ್ದನು. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆ ಮಂಗಳೂರಿಗೆ ಬಂದದ್ದು 1834ರಲ್ಲಿ; ಅದರ ಮಿಷನರಿ, ಅದೇ ವ್ಯೂರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಇದು ಕಾಕತಾಳೀಯವೇ ಇರಬಹುದು, ಆದರೆ ಆ ಪೀಳಿಗೆಯ ಅವಸರವನ್ನು ಅರಿಯಲು ಈ ಹಿನ್ನೆಲೆ ಬೇಕೇ ಬೇಕು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆ, ಅಚ್ಚುಕೂಟ, 1887ರಲ್ಲಿ ಆರಂಭಿಸಿದ 'ವೃತ್ತಾಂತ ಪತ್ರಿಕೆ' ಇವುಗಳ ಮೂಲಕ ಅಜ್ಞಾನದ ವಿರುದ್ಧ ಹೋರಾಡುವುದನ್ನೂ ಈ ಜಯದ ಭಾಗವಾಗಿಯೇ ಕಂಡರು.

ಹಳ್ಳಿಯ ಭಕ್ತರು ಕಡೇ ದಿನಕ್ಕೂ ಕಾಯಲಿಲ್ಲ, ಶಾಲೆಗೂ ಕಾಯಲಿಲ್ಲ. ಕೃಷ್ಣರಾಜನಗರ ಸೀಮೆಯ ಡೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಕ್ರೈಸ್ತರಲ್ಲದವರೂ ಕಾಯಿಲೆ, ಪೀಡೆಗಳ ಪರಿಹಾರಕ್ಕಾಗಿ ಹರಕೆ ಹೊತ್ತು ಬರುತ್ತಾರೆ. ಜೂನ್ 13ರಂದು ಅಲ್ಲಿ ವಾರ್ಷಿಕ ಹಬ್ಬ. 2019ರಲ್ಲಿ ಇದು ಬೆಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ದೇವಾಲಯವಾಯಿತು. ಇಲ್ಲಿ ಕೆಡುಕೆಂದರೆ ಮೈಮೇಲೆ ಬಂದ ಪೀಡೆ, ಜಯವೆಂದರೆ ಅದು ಬಿಟ್ಟುಹೋಗುವುದು. ಧರ್ಮಸಭೆಯ ನಿಯಮ ಮಾತ್ರ ಬಿಗಿಯಾಗಿದೆ: 1983ರ ಧರ್ಮಸಂಹಿತೆಯ 1172ನೇ ವಿಧಿಯಂತೆ, ಸ್ಥಳೀಯ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಪಾದ್ರಿಯೂ ವಿಧಿವತ್ತಾಗಿ ದೆವ್ವ ಬಿಡಿಸುವಂತಿಲ್ಲ. ಹರಕೆಗೆ ಅಂಥ ಅನುಮತಿ ಬೇಕಿಲ್ಲ.