ತಾಳವಾಡಿ ಸೀಮೆ: ಮದುವೆ ಮತ್ತು ಕುಟುಂಬದ ಕಾನೂನು ಮಾನ್ಯತೆಯ ಇತಿಹಾಸ

ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ದಿಂಬಂ ಘಾಟಿಯ 27 ತಿರುವು ಹತ್ತಿದ ಮೇಲೆ ಸಿಗುವ ತಾಳವಾಡಿ ಕನ್ನಡ ಮಾತಿನ ಸೀಮೆ. ನಟ ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿಯದೇ. ಇಲ್ಲಿಯವರ ಬೀಗತನ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಗೂ ಚಾಚಿದೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು, ಮೈಸೂರು ಒಡೆಯರಿಗೆ ಉಳಿಯಿತು. ಅಲ್ಲಿಂದಾಚೆಗೆ ನೆಂಟಸ್ತಿಕೆ ಗಡಿಯ ಎರಡೂ ಕಡೆ ಬೆಳೆದರೂ ಅದಕ್ಕೆ ಕಾನೂನು ಮಾತ್ರ ಎರಡು ಊರಿನಿಂದ ಬಂತು: ಮದ್ರಾಸಿನಿಂದ ಒಂದು, ಮೈಸೂರಿನಿಂದ ಇನ್ನೊಂದು.

ಸರ್ಕಾರಕ್ಕಿಂತ ಮೊದಲು ಮದುವೆಯನ್ನು ಒಪ್ಪುತ್ತಿದ್ದುದು ಕುಲ. ಬೆಟ್ಟದ ಸೋಲಿಗರಲ್ಲಿ ಒಪ್ಪಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗುವುದು ಮದುವೆಯ ಒಂದು ಮಾನ್ಯ ದಾರಿ. ಅವರು ಮರಳಿ ಬಂದಾಗ ಹಿರಿಯರು ಕೂತು ತಪ್ಪು ದಂಡ ಹಾಕುತ್ತಾರೆ. ದಂಡ ಕಟ್ಟಿ ಊಟ ಹಾಕಿದರೆ ಅವರು ಗಂಡ ಹೆಂಡತಿ. ಇದನ್ನು ಶಿಕ್ಷೆ ಎನ್ನುವುದಕ್ಕಿಂತ ನೋಂದಣಿ ಶುಲ್ಕ ಎನ್ನುವುದೇ ಸರಿ. ಬಿಳಿಗಿರಿ ರಂಗನಾಥನೇ ಸೋಲಿಗರ ಕುಸುಮಾಲೆಯನ್ನು ಹೀಗೆ ಕರೆದೊಯ್ದನೆಂಬ ನಂಬಿಕೆಯಿಂದ ಅವರು ದೇವರನ್ನು ‘ಬಾವ’ ಎಂದೇ ಕರೆಯುತ್ತಾರೆ. ಬಯಲಿನ ಒಕ್ಕಲು ಜಾತಿಗಳಲ್ಲಿ ವಿಧವೆಗೆ ಕೂಡಿಕೆ, ಅಂದರೆ ಮರುಮದುವೆ, ಮಾಡಿಸುವ ಪದ್ಧತಿ ಇತ್ತು, ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದು ರೂಢಿಯಲ್ಲಿತ್ತು.

ಈ ರೂಢಿಗಳಿಗೆ ಬ್ರಿಟಿಷ್ ಕಾನೂನು ಕೈಹಾಕಿದ್ದು ವಿಚಿತ್ರ ರೀತಿಯಲ್ಲಿ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮೇಲ್ಜಾತಿಯ ವಿಧವೆಯರಿಗಾಗಿ ಬಂದದ್ದು. ಮರುಮದುವೆಯಾದವಳು ಸತ್ತ ಗಂಡನ ಆಸ್ತಿ ಬಿಡಬೇಕೆಂದು ಅದು ಹೇಳಿತು. ಜಾತಿಯ ರೂಢಿಯೇ ಮರುಮದುವೆಗೆ ಒಪ್ಪಿಗೆ ಕೊಟ್ಟಿದ್ದ ಕಡೆಯೂ ಆಸ್ತಿ ಹೋಗುತ್ತದೆಂದು ಮದ್ರಾಸ್ ಹೈಕೋರ್ಟು 1870ರ ದಶಕದಲ್ಲಿ ತೀರ್ಮಾನಿಸಿತು. ಕೂಡಿಕೆ ಮೊದಲಿನಿಂದ ಇದ್ದ ಮನೆಗಳ ಹೆಣ್ಣುಮಕ್ಕಳಿಗೆ ಸುಧಾರಣೆಯಿಂದ ಸಿಕ್ಕಿದ್ದು ಇಷ್ಟೇ.

ಮೈಸೂರು ಬೇರೆ ದಾರಿ ಹಿಡಿಯಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು 1894ರಲ್ಲೇ ನಿಷೇಧಿಸಿತು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯಲ್ಲಿ ವಿಧವೆಗೂ ಮದುವೆಯಾಗದ ಮಗಳಿಗೂ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ತಾಳವಾಡಿಗೆ ಇಂಥದ್ದು ಬಂದದ್ದು 1937ರ ಕೇಂದ್ರ ಕಾಯ್ದೆಯ ಮೂಲಕ, ಅದೂ ವಿಧವೆಗೆ ಮಾತ್ರ. ಆದರೆ ಎರಡನೇ ಮದುವೆಯ ವಿಷಯದಲ್ಲಿ ಮದ್ರಾಸೇ ಮುಂದಾಯಿತು. 1949ರ ಮದ್ರಾಸ್ ಕಾಯ್ದೆ ದ್ವಿಪತ್ನಿತ್ವವನ್ನು ತಡೆದು ವಿಚ್ಛೇದನಕ್ಕೆ ದಾರಿ ಮಾಡಿತು. ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ ಕೊಳ್ಳೇಗಾಲಕ್ಕೂ ಅದು ಅನ್ವಯಿಸಿತು. ಗಡಿಯಾಚೆಯ ಚಾಮರಾಜನಗರದಲ್ಲಿ ಅಂಥ ತಡೆ ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯೊಂದಿಗೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು.

1955ರ ಕಾಯ್ದೆ ರೂಢಿಗೆ ಸಾಕಷ್ಟು ಜಾಗ ಬಿಟ್ಟಿತು. ರೂಢಿಯಿದ್ದರೆ ಅಕ್ಕನ ಮಗಳೊಂದಿಗಿನ ಮದುವೆ ಸಿಂಧು. ಜಾತಿಯ ರೂಢಿಯಂತೆ ನಡೆದ ಬಿಡುಗಡೆಯೂ ಸಿಂಧು, ಸಾಬೀತುಪಡಿಸಬೇಕು ಅಷ್ಟೆ. ತಮಿಳುನಾಡು ಇನ್ನೊಂದು ಹೆಜ್ಜೆ ಇಟ್ಟಿತು. ಪೆರಿಯಾರರ ಸ್ವಾಭಿಮಾನ ಮದುವೆಗಳನ್ನು ಕೋರ್ಟುಗಳು ಒಪ್ಪದಿದ್ದಾಗ, ಅಣ್ಣಾದುರೈ ಸರ್ಕಾರ 1967ರಲ್ಲಿ ಕಾಯ್ದೆಗೆ 7ಎ ಕಲಮು ಸೇರಿಸಿತು. 1968ರ ಜನವರಿಯಲ್ಲಿ ಅದು ಜಾರಿಗೆ ಬಂತು. ಪುರೋಹಿತ ಬೇಡ, ಸಪ್ತಪದಿ ಬೇಡ. ನೆಂಟರಿಷ್ಟರ ಮುಂದೆ ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಒಪ್ಪಿರುವುದಾಗಿ ಹೇಳಿದರೆ ಸಾಕು. ಇಲ್ಲವೇ ಹಾರ ಹಾಕಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಆಯಿತು. ತಾಳವಾಡಿಯಲ್ಲಿ ಆ ಮಾತು ಕನ್ನಡದಲ್ಲಿದ್ದರೂ ಕಾನೂನಿನ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಕುವೆಂಪು ಅವರ ಮಂತ್ರ ಮಾಂಗಲ್ಯದಂತೆ ಅವರ ಮಗ ತೇಜಸ್ವಿ ಮದುವೆಯಾದದ್ದು 1966ರಲ್ಲಿ. ಆ ಸರಳ ಮದುವೆಗೆ ಇಂದಿಗೂ ಇಂಥದೊಂದು ಕಲಮು ಇಲ್ಲ.

ಹೆಣ್ಣುಮಕ್ಕಳ ಪಾಲಿನಲ್ಲಿ ಗಡಿ ಮತ್ತೆ ಕಾಣಿಸಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟ ತಿದ್ದುಪಡಿ ತಮಿಳುನಾಡಿನಲ್ಲಿ 1989ರ ಮಾರ್ಚ್ 25ರಿಂದ, ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಎರಡೂ ಕಡೆ, ಅಷ್ಟರೊಳಗೆ ಮದುವೆಯಾದವಳಿಗೆ ಹಕ್ಕಿಲ್ಲ. 1991ರಲ್ಲಿ ಮದುವೆಯಾದ ತಾಳವಾಡಿಯ ಮಗಳು ಪಾಲುದಾರಳಾದಳು. ಅದೇ ವರ್ಷ ಮದುವೆಯಾದ ಚಾಮರಾಜನಗರದ ಮಗಳು 2005ರ ಕೇಂದ್ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಮದುವೆಯಿಲ್ಲದ ಸಂಬಂಧಗಳ ಪ್ರಶ್ನೆಗೂ ಈ ಭಾಗದ ನಂಟಿದೆ. ಕೊಯಮತ್ತೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಶುರುವಾದ ಜೀವನಾಂಶದ ಪ್ರಕರಣವೊಂದರಲ್ಲಿ, ‘ಮದುವೆಯ ಸ್ವರೂಪದ ಸಂಬಂಧ’ ಯಾವುದೆಂದು ಸುಪ್ರೀಂ ಕೋರ್ಟು 2010ರ ಅಕ್ಟೋಬರ್‌ನಲ್ಲಿ ವಿವರಿಸಿತು. ಇಬ್ಬರೂ ವಯಸ್ಕರಾಗಿರಬೇಕು, ಮದುವೆಗೆ ಅರ್ಹರಾಗಿರಬೇಕು, ಸ್ವಇಚ್ಛೆಯಿಂದ ಸಾಕಷ್ಟು ಕಾಲ ಕೂಡಿ ಬಾಳಿರಬೇಕು, ಊರು ಅವರನ್ನು ದಂಪತಿಯೆಂದು ಕಂಡಿರಬೇಕು. ಕೊನೆಯ ಷರತ್ತು ಕುಲದ ಹಿರಿಯರು ಕೇಳುತ್ತಿದ್ದುದಕ್ಕಿಂತ ತೀರಾ ಬೇರೆಯದೇನಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ‘ವಧು’ ಎಂಬಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆಂದಿತು. ಸಲಿಂಗ ಮದುವೆಯನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಮಾನ್ಯ ಮಾಡಲಿಲ್ಲ.

ಸೋಲಿಗ, ಊರಾಳಿಗಳಿಗೆ ಇವುಗಳಲ್ಲಿ ಬಹಳಷ್ಟು ತಾಗುವುದಿಲ್ಲ. ಪರಿಶಿಷ್ಟ ಪಂಗಡಗಳನ್ನು ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯ್ದೆಗಳು ಹೊರಗಿಟ್ಟಿರುವುದರಿಂದ ಅವರ ಮದುವೆಗೆ ರೂಢಿಯೇ ಕಾನೂನು. ಇದರಲ್ಲಿ ಗೌರವವೂ ಇದೆ, ಉಪೇಕ್ಷೆಯೂ ಇದೆ: ಗಂಡ ಬಿಟ್ಟುಹೋದಾಗ ರೂಢಿಯನ್ನು ಕೋರ್ಟಿನಲ್ಲಿ ಸಾಬೀತುಪಡಿಸುವ ಹೊರೆ ಹೆಂಗಸಿನ ಮೇಲೆ ಬೀಳುತ್ತದೆ. ವಯಸ್ಸಿನ ಮಿತಿ ಮಾತ್ರ ಎಲ್ಲರಿಗೂ ಒಂದೇ. ಹದಿನೆಂಟು ತುಂಬದ ಹುಡುಗಿಯೊಂದಿಗೆ ಕಾಡಿಗೆ ಓಡಿ ದೈಹಿಕ ಸಂಬಂಧ ಬೆಳೆಸಿದರೆ 2012ರ ಪೋಕ್ಸೊ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ. ತಮಿಳುನಾಡಿನ 2009ರ ಕಾಯ್ದೆ ಮದುವೆ ನೋಂದಣಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿತು.

ಸೋಲಿಗ ದಂಪತಿಗೆ ಹೆಚ್ಚು ಉಪಯೋಗದ ಕಾಗದ ಬೇರೊಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯಲ್ಲಿ ಅರ್ಜಿದಾರರ ಹೆಸರಿನ ಕೆಳಗೇ ಗಂಡ ಅಥವಾ ಹೆಂಡತಿಯ ಹೆಸರಿನ ಸಾಲಿದೆ. ವಿವಾಹಿತರಿಗೆ ಹಕ್ಕುಪತ್ರ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ, ಒಂಟಿಯಾಗಿ ಮನೆ ನಡೆಸುವವರಿಗೆ ಅವರ ಹೆಸರಿನಲ್ಲೇ ನೋಂದಣಿಯಾಗಬೇಕೆಂದು ಕಾಯ್ದೆಯ 4(4)ನೇ ಕಲಮು ಹೇಳುತ್ತದೆ. ಹಕ್ಕುಪತ್ರ ಕೈಗೆ ಬಂದಾಗ ಹೆಂಡತಿಯ ಹೆಸರೂ ಅದರಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.