ಬಣ್ಣ ಹೇಳುವ ಲೆಕ್ಕ: ಆಮ್ಲ-ಕ್ಷಾರ ಅನುಮಾಪನದಲ್ಲಿ ಸೂಚಕಗಳ ಕೆಲಸ

ಕಲಬುರಗಿ: ಮದುವೆ ಮನೆಯಲ್ಲಿ ಆರತಿ ತಟ್ಟೆ ಸಿದ್ಧಪಡಿಸುವ ಮುತ್ತೈದೆಯರು ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬೆರೆಸುತ್ತಾರೆ. ಹಳದಿ ನೀರು ಕ್ಷಣಾರ್ಧದಲ್ಲಿ ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿದರೆ ಹಳದಿ ಬಣ್ಣ ಮರಳುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಒಂದು ಬಣ್ಣವನ್ನೂ ಆಮ್ಲದಲ್ಲಿ ಇನ್ನೊಂದು ಬಣ್ಣವನ್ನೂ ತಳೆಯುವುದೇ ಇದಕ್ಕೆ ಕಾರಣ. ರಸಾಯನಶಾಸ್ತ್ರದಲ್ಲಿ ಇಂತಹ ವಸ್ತುಗಳಿಗೆ ‘ಸೂಚಕ’ ಎಂದು ಹೆಸರು.

ಆದರೆ ಸೂಚಕದ ಕೆಲಸ ಬಣ್ಣ ತೋರಿಸುವಲ್ಲಿಗೆ ಮುಗಿಯುವುದಿಲ್ಲ. ಕುಡಿಯುವ ನೀರು, ಹಾಲು, ಔಷಧ, ಸಿಮೆಂಟಿನ ಸುಣ್ಣದಕಲ್ಲು ಇವುಗಳ ಪರೀಕ್ಷೆಯಲ್ಲಿ ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ನೀಡುವುದು ಈ ಬಣ್ಣವೇ. ಸೂಚಕದ ಆಯ್ಕೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಸುಣ್ಣದಂಶ ಹೆಚ್ಚಿರುವ ಕಲಬುರಗಿ ಜಿಲ್ಲೆಯಂತಹ ಪ್ರದೇಶದಲ್ಲಿ ಈ ವಿಷಯ ಪಠ್ಯಪುಸ್ತಕಕ್ಕೆ ಮಾತ್ರ ಸೀಮಿತವಾದುದಲ್ಲ.

ಅನುಮಾಪನ ಎಂದರೇನು?

ಪ್ರಮಾಣ ತಿಳಿಯದ ಆಮ್ಲಕ್ಕೆ, ಪ್ರಮಾಣ ತಿಳಿದಿರುವ ಕ್ಷಾರವನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಸೇರಿಸಿ, ಎರಡೂ ಸರಿಸಮವಾದ ಕ್ಷಣವನ್ನು ಗುರುತಿಸುವ ವಿಧಾನವೇ ಅನುಮಾಪನ. ಪ್ರಯೋಗಾಲಯಗಳಲ್ಲಿ ಇದನ್ನು ಟೈಟ್ರೇಷನ್ ಎಂದೇ ಕರೆಯುವುದು ವಾಡಿಕೆ. ಆಮ್ಲ ಮತ್ತು ಕ್ಷಾರ ಸರಿಸಮವಾದ ಘಟ್ಟಕ್ಕೆ ಸಮತಾ ಬಿಂದು ಎನ್ನುತ್ತಾರೆ. ಈ ಬಿಂದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಸೂಚಕದ ಬಣ್ಣ ಬದಲಾಗುವ ಕ್ಷಣ, ಅಂದರೆ ಅಂತ್ಯ ಬಿಂದು. ಈ ಎರಡೂ ಬಿಂದುಗಳು ಒಂದರ ಮೇಲೊಂದು ಬೀಳುವಂತೆ ನೋಡಿಕೊಳ್ಳುವುದೇ ಅನುಮಾಪನದ ಜಾಣ್ಮೆ.

ಹೂವಿನ ರಸದಿಂದ ಆಮ್ಲ ಮತ್ತು ಕ್ಷಾರಗಳನ್ನು ಗುರುತಿಸುವ ಬಗೆಯನ್ನು ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1664ರಲ್ಲಿ ದಾಖಲಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವ ಫಿನಾಲ್ಫ್ತಲೀನನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದರು. ಆಮ್ಲೀಯತೆಯನ್ನು ಅಂಕಿಯಲ್ಲಿ ಹೇಳುವ ಪಿಎಚ್ ಮಾಪಕವನ್ನು ಡೆನ್ಮಾರ್ಕಿನ ಸೋರೆನ್‌ಸನ್ 1909ರಲ್ಲಿ ರೂಪಿಸಿದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ಬಣ್ಣ ಬದಲಾಗುವುದು ಹೇಗೆ?

ಸಾಮಾನ್ಯವಾಗಿ ಸೂಚಕವೂ ಒಂದು ದುರ್ಬಲ ಆಮ್ಲ ಅಥವಾ ದುರ್ಬಲ ಕ್ಷಾರವೇ. ಅದರ ಅಣುವಿಗೆ ಎರಡು ರೂಪಗಳಿರುತ್ತವೆ. ಒಂದರಲ್ಲಿ ಹೈಡ್ರೋಜನ್ ಅಯಾನು ಅಂಟಿಕೊಂಡಿರುತ್ತದೆ, ಇನ್ನೊಂದರಲ್ಲಿ ಕಳಚಿಹೋಗಿರುತ್ತದೆ. ಈ ಕಳಚುವಿಕೆಯಿಂದ ಅಣುವಿನ ಒಳರಚನೆ ಬದಲಾಗಿ, ಅದು ಹೀರುವ ಬೆಳಕೂ ಬದಲಾಗುತ್ತದೆ. ಫಿನಾಲ್ಫ್ತಲೀನಿನ ಆಮ್ಲರೂಪಕ್ಕೆ ಬಣ್ಣವಿಲ್ಲ, ಕ್ಷಾರರೂಪ ಗುಲಾಬಿ. ಮೀಥೈಲ್ ಆರೆಂಜ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ಹಳದಿ.

ಪಿಎಚ್ ಬದಲಾದಂತೆ ಈ ಎರಡು ರೂಪಗಳ ಅನುಪಾತವೂ ಬದಲಾಗುತ್ತದೆ. ಒಂದು ರೂಪ ಇನ್ನೊಂದರ ಹತ್ತುಪಟ್ಟಾದಾಗ ಕಣ್ಣಿಗೆ ಮೊದಲನೆಯ ಬಣ್ಣವಷ್ಟೇ ಕಾಣುತ್ತದೆ. ಆದ್ದರಿಂದ ಬಣ್ಣದ ಬದಲಾವಣೆ ಸರಿಸುಮಾರು ಎರಡು ಪಿಎಚ್ ಅಂಕಗಳ ಅಂತರದಲ್ಲಿ ನಡೆಯುತ್ತದೆ. ಮೀಥೈಲ್ ಆರೆಂಜ್‌ಗೆ ಈ ಅಂತರ 3.1ರಿಂದ 4.4, ಮೀಥೈಲ್ ರೆಡ್‌ಗೆ 4.4ರಿಂದ 6.2, ಬ್ರೋಮೋಥೈಮಾಲ್ ಬ್ಲೂಗೆ 6.0ರಿಂದ 7.6, ಫಿನಾಲ್ಫ್ತಲೀನ್‌ಗೆ ಸುಮಾರು 8.2ರಿಂದ 10.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೆಚ್ಚು ಬಳಕೆಯಲ್ಲಿರುವ ಫಿನಾಲ್ಫ್ತಲೀನ್ ಆಗಲಿ, ಮೀಥೈಲ್ ಆರೆಂಜ್ ಆಗಲಿ ಪಿಎಚ್ 7ರಲ್ಲಿ ಬಣ್ಣ ಬದಲಿಸುವುದಿಲ್ಲ. ‘ಬಣ್ಣ ಬದಲಾಯಿತು, ದ್ರಾವಣ ತಟಸ್ಥವಾಯಿತು’ ಎಂಬ ವಿದ್ಯಾರ್ಥಿಗಳ ಸಾಮಾನ್ಯ ನಂಬಿಕೆ ಸರಿಯಲ್ಲ. ಪ್ರತಿ ಸೂಚಕವೂ ತನ್ನದೇ ಅಂಕಿಯಲ್ಲಿ ಮಾತ್ರ ಸಂಕೇತ ನೀಡುತ್ತದೆ.

ಆಯ್ಕೆಯ ಸೂತ್ರ

25 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಪ್ರಬಲವಾದ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುವ ಪ್ರಯೋಗವನ್ನು ನೋಡೋಣ. ಎರಡೂ 0.1 ಮೋಲಾರ್ ದ್ರಾವಣಗಳಾಗಿದ್ದರೆ, ಸಮತಾ ಬಿಂದುವಿಗೆ ಒಂದು ಹನಿ ಮೊದಲು ಪಿಎಚ್ ಸುಮಾರು 4, ಒಂದು ಹನಿ ನಂತರ ಸುಮಾರು 10. ಈ ದೊಡ್ಡ ಜಿಗಿತದೊಳಗೆ ಬಣ್ಣ ಬದಲಿಸುವ ಯಾವ ಸೂಚಕವಾದರೂ ನಡೆಯುತ್ತದೆ.

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಸ್ಥಿತಿ ಬೇರೆ. ಅದು ದುರ್ಬಲ ಆಮ್ಲವಾದ್ದರಿಂದ ಅದರ ಸಮತಾ ಬಿಂದು ಪಿಎಚ್ 8.7ರ ಆಸುಪಾಸಿನಲ್ಲಿ ಬರುತ್ತದೆ. ಇಲ್ಲಿ ಫಿನಾಲ್ಫ್ತಲೀನ್ ಸೂಕ್ತ. ಮೀಥೈಲ್ ಆರೆಂಜ್ ಹಾಕಿದರೆ ಆಮ್ಲದ ಮೂರನೇ ಒಂದು ಭಾಗ ಮುಗಿಯುವ ಮೊದಲೇ ಅದು ಹಳದಿಯಾಗಿಬಿಡುತ್ತದೆ. 25 ಮಿ.ಲೀ. ಕ್ಷಾರ ಬೇಕಾದಲ್ಲಿ ಸುಮಾರು 8 ಮಿ.ಲೀ.ಗೆ ಲೆಕ್ಕ ನಿಲ್ಲುತ್ತದೆ. ಪದವಿಪೂರ್ವ ತರಗತಿಗಳಲ್ಲಿ ಆಕ್ಸಾಲಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಪ್ರಯೋಗಕ್ಕೆ ಫಿನಾಲ್ಫ್ತಲೀನನ್ನೂ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟ್ ಪ್ರಯೋಗಕ್ಕೆ ಮೀಥೈಲ್ ಆರೆಂಜನ್ನೂ ಹೇಳುವುದು ಇದೇ ಕಾರಣಕ್ಕೆ.

ಒಂದೇ ನೀರು, ಎರಡು ಉತ್ತರ

ಶಹಾಬಾದ್, ವಾಡಿ, ಸೇಡಂ ಭಾಗದ ನೆಲದಡಿ ಸುಣ್ಣದಕಲ್ಲಿನ ಹಾಸು ಇದೆ. ಕಮಲಾಪುರದ ಕಡೆ ಕರಿಕಲ್ಲು, ಅಂದರೆ ಬಸಾಲ್ಟ್ ಶಿಲೆ. ಮಳೆನೀರು ಇಂತಹ ಕಲ್ಲು-ಮಣ್ಣುಗಳ ನಡುವೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್‌ನ ನೆರವಿನಿಂದ ಲವಣಗಳನ್ನು ಕರಗಿಸಿಕೊಂಡು ಬೈಕಾರ್ಬೊನೇಟ್ ಹೊತ್ತ ನೀರಾಗುತ್ತದೆ. ಕೊಳವೆಬಾವಿ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು, ಗಡಸು ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯದಿರುವುದು ಗೃಹಿಣಿಯರಿಗೆ ತಿಳಿದ ಸಂಗತಿ.

ಇಂತಹ ನೀರಿಗೆ ಫಿನಾಲ್ಫ್ತಲೀನ್ ಹಾಕಿದರೆ ಸಾಮಾನ್ಯವಾಗಿ ಬಣ್ಣವೇ ಬರುವುದಿಲ್ಲ, ಏಕೆಂದರೆ ಪಿಎಚ್ 8.3ಕ್ಕಿಂತ ಕೆಳಗಿರುತ್ತದೆ. ‘ಕ್ಷಾರವಿಲ್ಲ’ ಎಂದು ತೀರ್ಮಾನಿಸಿದರೆ ಮೋಸಹೋದಂತೆ. ಅದೇ ನೀರಿಗೆ ಮೀಥೈಲ್ ಆರೆಂಜ್ ಹಾಕಿ ಆಮ್ಲ ಬಿಡುತ್ತಾ ಹೋದರೆ, ಬಣ್ಣ ಬದಲಾಗಲು ಗಣನೀಯ ಪ್ರಮಾಣದ ಆಮ್ಲ ಬೇಕಾಗುತ್ತದೆ. ಅಡಗಿದ್ದ ಬೈಕಾರ್ಬೊನೇಟ್ ಆಗ ಲೆಕ್ಕಕ್ಕೆ ಸಿಗುತ್ತದೆ.

ಪರೀಕ್ಷೆಗೆ 100 ಮಿ.ಲೀ. ನೀರು, 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ಬಳಸಿದರೆ ಲೆಕ್ಕ ಸುಲಭ. ಖರ್ಚಾದ ಮಿ.ಲೀ.ಯನ್ನು ಹತ್ತರಿಂದ ಗುಣಿಸಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಪ್ರತಿ ಲೀಟರಿಗೆ ಎಷ್ಟು ಮಿ.ಗ್ರಾಂ ಕ್ಷಾರೀಯತೆ ಎಂಬುದು ಸಿಗುತ್ತದೆ. 32 ಮಿ.ಲೀ. ಖರ್ಚಾಯಿತೆಂದು ಭಾವಿಸಿದರೆ ಒಟ್ಟು ಕ್ಷಾರೀಯತೆ 320. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಂತೆ ಸ್ವೀಕಾರಾರ್ಹ ಮಿತಿ 200; ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಅನುಮತಿ. ಗಡಸುತನದ ಪರೀಕ್ಷೆ ಇದಕ್ಕಿಂತ ಬೇರೆ; ಅದರ ಸೂಚಕವೂ ಬೇರೆ.

ಎರಡು ಸೂಚಕಗಳ ಉತ್ತರ ಹೋಲಿಸಿದರೆ ಇನ್ನೂ ಒಂದು ಮಾಹಿತಿ ದೊರೆಯುತ್ತದೆ. ಫಿನಾಲ್ಫ್ತಲೀನ್ ಅಂಕಿ ಸೊನ್ನೆಯಾದರೆ ಇರುವುದೆಲ್ಲ ಬೈಕಾರ್ಬೊನೇಟ್. ಅದು ಒಟ್ಟು ಅಂಕಿಯ ಸರಿ ಅರ್ಧವಾದರೆ ಎಲ್ಲವೂ ಕಾರ್ಬೊನೇಟ್. ಅರ್ಧಕ್ಕಿಂತ ಹೆಚ್ಚಾದರೆ ಹೈಡ್ರಾಕ್ಸೈಡ್ ಕೂಡ ಇದೆ ಎಂದರ್ಥ.

ಕೆಂಬಾಳೆ ತೋಟದಲ್ಲಿ

ಭೌಗೋಳಿಕ ಸೂಚಿಕೆ ಪಡೆದಿರುವ ಕಮಲಾಪುರದ ಕೆಂಬಾಳೆ ಬೆಳೆಯುವ ರೈತರಿಗೂ ಈ ಲೆಕ್ಕ ಸಂಬಂಧಿಸಿದ್ದು. ಹನಿ ನೀರಾವರಿಯ ಸಣ್ಣ ರಂಧ್ರಗಳಲ್ಲಿ ಸುಣ್ಣದ ಪದರ ಕಟ್ಟಿ ನೀರು ನಿಂತಾಗ ಕೊಳವೆಗಳಿಗೆ ಆಮ್ಲ ಹಾಯಿಸುವುದುಂಟು. ಎಷ್ಟು ಆಮ್ಲ ಎಂಬುದನ್ನು ಪಿಎಚ್ ಒಂದೇ ಹೇಳಲಾರದು, ಒಟ್ಟು ಕ್ಷಾರೀಯತೆ ತಿಳಿಯಬೇಕು. ಮೇಲಿನ ಉದಾಹರಣೆಯ 320ರ ನೀರಾದರೆ, 1000 ಲೀಟರಿನಲ್ಲಿರುವ ಕ್ಷಾರವನ್ನು ಮುಗಿಸಲು ಶೇ. 33ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 600 ಮಿ.ಲೀ. ಬೇಕು. ಫಿನಾಲ್ಫ್ತಲೀನ್ ಮಾತ್ರ ನಂಬಿದರೆ ಉತ್ತರ ಸೊನ್ನೆ. ತಜ್ಞರ ಸಲಹೆಯಿಲ್ಲದೆ ಆಮ್ಲ ಬಳಸಬಾರದು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.

ಅದೇ ತೋಟದಲ್ಲಿ ಸೂಚಕವೂ ಸಿಗುತ್ತದೆ. ಬಾಳೆಮೂತಿಯ ನೇರಳೆ ಎಸಳುಗಳಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯವಿದೆ. ಎಸಳು ಕುದಿಸಿ ಸೋಸಿದ ನೀರು ನಿಂಬೆರಸಕ್ಕೆ ಕೆಂಪಾಗುತ್ತದೆ, ಸುಣ್ಣದ ತಿಳಿಗೆ ಹಸಿರು-ನೀಲಿಯತ್ತ ತಿರುಗುತ್ತದೆ. ಆದರೆ ಈ ಬಣ್ಣ ನಿಧಾನವಾಗಿ, ಹಲವು ಹಂತಗಳಲ್ಲಿ ಬದಲಾಗುವುದರಿಂದ ನಿಖರ ಅನುಮಾಪನಕ್ಕೆ ಒದಗದು. ಶಾಲೆಯ ಪ್ರದರ್ಶನಕ್ಕೆ ಮಾತ್ರ ಬಲು ಚೆನ್ನ.

ಪ್ರಯೋಗಾಲಯದ ಎಚ್ಚರಿಕೆಗಳು

ಸೂಚಕ ಎರಡು-ಮೂರು ಹನಿ ಸಾಕು. ಅದೂ ಆಮ್ಲವೋ ಕ್ಷಾರವೋ ಆಗಿರುವುದರಿಂದ ಹೆಚ್ಚು ಹಾಕಿದರೆ ತಾನೇ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಫ್ಲಾಸ್ಕಿನ ಕೆಳಗೆ ಬಿಳಿ ಹೆಂಚು ಅಥವಾ ಬಿಳಿ ಕಾಗದವಿರಲಿ. ಫಿನಾಲ್ಫ್ತಲೀನಿನ ತಿಳಿಗುಲಾಬಿ ಅರ್ಧ ನಿಮಿಷ ನಿಂತರೆ ಅಂತ್ಯ ಬಿಂದು ಬಂದಂತೆ. ಆನಂತರ ಬಣ್ಣ ಮಾಸಿದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ್ದು ಕಾರಣ. ಮತ್ತೆ ಕ್ಷಾರ ಸೇರಿಸಬೇಕಿಲ್ಲ.

ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ಪಿಎಚ್ ಅಂಕಿಯನ್ನಷ್ಟೇ ನೋಡಿ ಮಡಚಿಡದೆ, ಒಟ್ಟು ಕ್ಷಾರೀಯತೆಯ ಸಾಲನ್ನೂ ಓದುವುದು ಒಳಿತು. ಒಂದು ಸೂಚಕ ಮೌನವಾಗಿದ್ದ ಕಡೆ ಇನ್ನೊಂದು ನೀಡಿದ ಉತ್ತರ ಆ ಸಾಲಿನಲ್ಲಿರುತ್ತದೆ.