ವಿದೇಶದ ಪಾಠದಲ್ಲಿ ಬಿಜಾಪುರದ ಹಳ್ಳಿ

1975ರ ಆಗಸ್ಟ್ 1. ಆಗಿನ ಬಿಜಾಪುರ ಜಿಲ್ಲೆಯ ಆಯ್ದ ಹಳ್ಳಿಗಳಿಗೆ ಹೊಸದೊಂದು ಅತಿಥಿ ಬಂದಿತ್ತು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಒಂದು ಛತ್ರಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಅದರಿಂದ ಇಳಿದ ತಂತಿ ಒಂದು ಪೆಟ್ಟಿಗೆಯನ್ನು ಸೇರುತ್ತಿತ್ತು. ಆ ಪೆಟ್ಟಿಗೆಯೇ ಟೆಲಿವಿಷನ್.

ರಾಜಧಾನಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ರೈತರು ನೆಲದ ಮೇಲೆ ಕುಳಿತು ಉಪಗ್ರಹದಿಂದ ನೇರವಾಗಿ ಇಳಿದು ಬಂದ ಚಿತ್ರಗಳನ್ನು ನೋಡಿದ್ದರು. ಈ ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು. ಆದರೆ ಅದರ ಕಥೆ ಅಲ್ಲಿಗೆ ನಿಲ್ಲಲಿಲ್ಲ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಸಂವಹನಶಾಸ್ತ್ರ ಓದುವವರಿಗೆ ಅದೊಂದು ಪಾಠವಾಯಿತು.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನಬಾಗೇವಾಡಿಯ ವಿದ್ಯಾರ್ಥಿಯೊಬ್ಬ ಪತ್ರಿಕೋದ್ಯಮ, ಸಂವಹನ ಕಲಿಯಲೆಂದು ಅಮೆರಿಕೆಗೋ ಇಂಗ್ಲೆಂಡಿಗೋ ಹೋದರೆ, ಅಲ್ಲಿನ ಗ್ರಂಥಾಲಯದಲ್ಲಿ ತನ್ನ ಜಿಲ್ಲೆಯ ಹೆಸರು ಎದುರಾಗಬಹುದು. ಅಲ್ಲಿ ಕಾಣುವುದು ಓದುವವನ ಹೆಸರಲ್ಲ, ಓದಲ್ಪಟ್ಟವರ ಹೆಸರು. ಈ ಎರಡರ ನಡುವಿನ ಅಂತರ ಎಂಥದು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಚ್ಚುಕೂಟದಿಂದ ತರಗತಿಗೆ

ಪತ್ರಿಕಾ ವೃತ್ತಿಯನ್ನು ಅಚ್ಚುಕೂಟದಲ್ಲೇ ಕಲಿಯಬೇಕು ಎಂಬುದು ಬಹುಕಾಲದ ನಂಬಿಕೆ. ಬಿಜಾಪುರ ಭಾಗದ ಹಿರಿಯ ಪತ್ರಕರ್ತರು ಕಲಿತದ್ದೂ ಹಾಗೆಯೇ. ವಕೀಲರಾಗಿ ಬಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಸಂಗ್ರಹಿಸಿ, ಅವುಗಳ ಪ್ರಕಟಣೆಗಾಗಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೇ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ಪತ್ರಿಕೆ ಹೊರತಂದರು. ಬಿಜಾಪುರದ ‘ಕರ್ನಾಟಕ ವೈಭವ’ದಲ್ಲಿ ಪಳಗಿದ ಮೊಹರೆ ಹನುಮಂತರಾಯರು ಮುಂದೆ ‘ಸಂಯುಕ್ತ ಕರ್ನಾಟಕ’ವನ್ನು ಕಟ್ಟಿ ಬೆಳೆಸಿದರು. ಇವರಾರೂ ಪತ್ರಿಕೋದ್ಯಮದ ಪದವಿ ಪಡೆದವರಲ್ಲ.

ಪತ್ರಿಕೋದ್ಯಮವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಬಹುದು ಎಂಬ ವಿಚಾರ ಗಟ್ಟಿಯಾದದ್ದು ಅಮೆರಿಕೆಯಲ್ಲಿ. ಪತ್ರಕರ್ತ ವಾಲ್ಟರ್ ವಿಲಿಯಮ್ಸ್ 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ತೆರೆದರು. ವಿದ್ಯಾರ್ಥಿಗಳೇ ಸುದ್ದಿ ಬರೆದು, ತಿದ್ದಿ, ಊರಿಗೆ ನಿಜವಾದ ಪತ್ರಿಕೆಯೊಂದನ್ನು ಹೊರತರುವುದು ಅಲ್ಲಿನ ಪದ್ಧತಿ. 1912ರಲ್ಲಿ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಶಾಲೆ ಹುಟ್ಟಿತು. ಲಂಡನ್ ವಿಶ್ವವಿದ್ಯಾಲಯ 1919ರಿಂದ 1939ರವರೆಗೆ ಪತ್ರಿಕೋದ್ಯಮ ಡಿಪ್ಲೊಮಾ ನಡೆಸಿತು.

ಭಾರತಕ್ಕೆ ಈ ವಿದ್ಯೆ ಬಂದದ್ದು ಹಡಗು ಹತ್ತಿ ಹೋಗಿ ಬಂದವರ ಮೂಲಕ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭಿಸಿದ ಪೃಥ್ವಿಪಾಲ್ ಸಿಂಗ್ ಅವರು ಲಂಡನ್ ಮತ್ತು ಮಿಸೌರಿಗಳಲ್ಲಿ ಕಲಿತವರು. ಕನ್ನಡ ನಾಡಿನಲ್ಲಿ ಈ ಕೆಲಸ ಮಾಡಿದವರು ನಾಡಿಗ ಕೃಷ್ಣಮೂರ್ತಿ. ಅವರೂ ಮಿಸೌರಿಯ ವಿದ್ಯಾರ್ಥಿಯೇ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಆರಂಭವಾದಾಗ ಅದರ ಹೊಣೆ ಹೊತ್ತವರು ಅವರು. ಅಶೋಕನ ಶಾಸನಗಳಿಂದ ನೆಹರೂ ಕಾಲದವರೆಗಿನ ಭಾರತೀಯ ಪತ್ರಿಕೋದ್ಯಮದ ಇತಿಹಾಸ ಹೇಳುವ ಅವರ ಇಂಗ್ಲಿಷ್ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯ 1966ರಲ್ಲಿ ಪ್ರಕಟಿಸಿತು. ಕಲಿತದ್ದು ಮಿಸೌರಿಯಲ್ಲಿ, ಆದರೆ ಬರೆದ ಇತಿಹಾಸ ತೊಡಗಿದ್ದು ಬಂಡೆಗಲ್ಲಿನ ಮೇಲಿನ ರಾಜಾಜ್ಞೆಯಿಂದ. ಇದು ಗಮನಿಸಬೇಕಾದ ಮಾತು.

ಅದಕ್ಕೂ ಮೊದಲೇ ಮೈಸೂರಿನಲ್ಲಿ ಇನ್ನೊಂದು ಉದಾಹರಣೆ ಉಂಟು. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಕಲಿತು ಬಂದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಸಣ್ಣ ಪ್ರಸಾರಯಂತ್ರವಿಟ್ಟು ರೇಡಿಯೊ ಕೇಂದ್ರ ನಡೆಸಿದರು. ಅದರ ಹೆಸರು ‘ಆಕಾಶವಾಣಿ’. 1957ರಲ್ಲಿ ಇಡೀ ದೇಶದ ರೇಡಿಯೊ ಜಾಲ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು. ವಿದೇಶದ ಓದು ಸ್ವಂತ ಬುದ್ಧಿಯೊಡನೆ ಬೆರೆತರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಹಳ್ಳಿಯೇ ಪಾಠವಾದಾಗ

ಎರಡನೇ ಮಹಾಯುದ್ಧದ ನಂತರ ವಿದೇಶದ ಪಠ್ಯಕ್ರಮವೇ ಬದಲಾಯಿತು. ಸುದ್ದಿ ಬರೆಯುವುದು ಹೇಗೆ ಎಂಬ ಪ್ರಶ್ನೆಯ ಜೊತೆಗೆ, ಸುದ್ದಿ ಜನರನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯೂ ಬಂತು. ಇದೇ ಸಂವಹನಶಾಸ್ತ್ರ. ವಿಲ್ಬರ್ ಶ್ರಾಮ್ ಎಂಬ ವಿದ್ವಾಂಸರು ಮೊದಲು ಇಲಿನಾಯ್, ಆಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ನೆಲೆ ಕಟ್ಟಿದರು.

ಈ ಶಾಸ್ತ್ರಕ್ಕೆ ಬಡ ದೇಶಗಳ ಹಳ್ಳಿಗಳ ಮೇಲೆ ಕಣ್ಣು ಬಿತ್ತು. ಡೇನಿಯಲ್ ಲರ್ನರ್ 1958ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಟರ್ಕಿಯ ಬಾಲ್ಗಾಟ್ ಎಂಬ ಹಳ್ಳಿಯ ಒಬ್ಬ ಕಿರಾಣಿ ಅಂಗಡಿಯವನೂ ಒಬ್ಬ ಮುಖ್ಯಸ್ಥನೂ ಬರುತ್ತಾರೆ. ಬೇರೆ ಊರಿನ ಬದುಕನ್ನು ಕಲ್ಪಿಸಿಕೊಳ್ಳಬಲ್ಲ ಅಂಗಡಿಯವನು ಆಧುನಿಕ. ಇದ್ದಲ್ಲೇ ತೃಪ್ತನಾದ ಮುಖ್ಯಸ್ಥ ಹಳೆಯ ಕಾಲದವನು. ಎವರೆಟ್ ರೋಜರ್ಸ್ 1962ರಲ್ಲಿ, ಹೊಸ ಬೀಜ, ಹೊಸ ಗೊಬ್ಬರದಂಥ ಸಂಗತಿಗಳು ಜನರಲ್ಲಿ ಹೇಗೆ ಹರಡುತ್ತವೆ ಎಂಬುದನ್ನು ವಿವರಿಸಿದರು. 1964ರಲ್ಲಿ ಶ್ರಾಮ್ ಅವರು ಯುನೆಸ್ಕೊ ನೆರವಿನಿಂದ ಬರೆದ ಪುಸ್ತಕ, ರಾಷ್ಟ್ರದ ಅಭಿವೃದ್ಧಿಗೆ ಸಮೂಹ ಮಾಧ್ಯಮ ಬೇಕೇ ಬೇಕು ಎಂದಿತು. ಮೂರೂ ಪುಸ್ತಕಗಳ ಒಟ್ಟು ತಾತ್ಪರ್ಯ ಇಷ್ಟು: ತಿಳಿವಳಿಕೆ ಮೇಲಿನಿಂದ ಕೆಳಕ್ಕೆ ಹರಿಯಬೇಕು, ಹರಿದರೆ ಹಳ್ಳಿ ಬದಲಾಗುತ್ತದೆ.

ಈ ವಿಚಾರ ದೆಹಲಿಗೂ ಬಂತು. ಶ್ರಾಮ್ ಇದ್ದ ಫೋರ್ಡ್ ಪ್ರತಿಷ್ಠಾನದ ತಂಡದ ಸಲಹೆಯ ಮೇರೆಗೆ 1965ರಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಹುಟ್ಟಿತು. ಕೇಂಬ್ರಿಜ್‌ನಲ್ಲಿ ಓದಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಕನಸು ಇನ್ನೂ ದೊಡ್ಡದು. ನಗರದಿಂದ ಹಳ್ಳಿಗೆ ನಿಧಾನವಾಗಿ ಟಿ.ವಿ. ಹರಡುವ ಬದಲು, ಉಪಗ್ರಹದ ಮೂಲಕ ಹಳ್ಳಿಗೇ ಮೊದಲು ಕೊಟ್ಟರೇನು? ಈ ಯೋಚನೆಯೇ 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಪ್ರಯೋಗ ನಡೆಯುವುದನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಂದು ವರ್ಷದ ಟಿ.ವಿ.

ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ, ಸಂಕ್ಷಿಪ್ತವಾಗಿ ‘ಸೈಟ್’, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಲಾಗಿತ್ತು. ನಾಸಾ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಆಫ್ರಿಕದ ಮೇಲಕ್ಕೆ ಸರಿಸಿ ಭಾರತಕ್ಕೆ ಎರವಲು ಕೊಟ್ಟಿತ್ತು. ನೆಲದ ಮೇಲಿನ ಕೆಲಸ ಇಸ್ರೊ ಸಂಸ್ಥೆಯದು, ಬಹುಪಾಲು ಕಾರ್ಯಕ್ರಮಗಳ ತಯಾರಿ ಆಕಾಶವಾಣಿಯದು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಸಂಜೆಯ ಅವಧಿ ಆರೂ ರಾಜ್ಯಗಳ ನಡುವೆ ಹಂಚಿಹೋಗುತ್ತಿದ್ದುದರಿಂದ ಒಂದು ಭಾಷೆಯ ಪಾಲಿಗೆ ಸಿಗುತ್ತಿದ್ದುದು ಅದರ ಒಂದು ತುಣುಕು ಮಾತ್ರ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ರಾಷ್ಟ್ರೀಯ ಭಾವೈಕ್ಯ ಮುಖ್ಯ ವಿಷಯಗಳು. ಒಂದು ಚಿತ್ರದ ಜೊತೆಗೆ ಎರಡು ಧ್ವನಿ ಕಳಿಸುವ ಶಕ್ತಿ ಉಪಗ್ರಹಕ್ಕಿತ್ತು. ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಜೋಡಿಸಬಹುದಾಗಿತ್ತು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ತೆಲುಗಿನವುಗಳ ಜೊತೆಗೆ ಹೈದರಾಬಾದಿನಲ್ಲಿ. ಎರೆಹೊಲದ ಬಿಳಿಜೋಳದ ನಾಡಿಗೆ ಬೇಸಾಯದ ಪಾಠ ಬರುತ್ತಿದ್ದುದು ಅಲ್ಲಿಂದ. ಆಗ ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಸರ್ಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರವೂ ಅದೇ ಪರದೆಯ ಮೇಲೆ ಬರುತ್ತಿತ್ತು.

ಪ್ರಯೋಗವನ್ನು ಅಳೆಯಲು ದೊಡ್ಡ ಪಡೆಯೇ ಇತ್ತು. ಪ್ರಶ್ನಾವಳಿ ಹಿಡಿದ ಸಮೀಕ್ಷಕರು ಮನೆಮನೆಗೆ ಹೋದರು. ಅಮೆರಿಕದಲ್ಲಿ ತರಬೇತಿ ಪಡೆದ ಮಾನವಶಾಸ್ತ್ರಜ್ಞ ಬಿನೋದ್ ಅಗ್ರವಾಲ್ ಅವರ ಮುಂದಾಳತ್ವದಲ್ಲಿ ಸಂಶೋಧಕರು ಆಯ್ದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಮೊದಮೊದಲು ಕಿಕ್ಕಿರಿಯುತ್ತಿದ್ದ ಜನ ಬರಬರುತ್ತ ಕಡಿಮೆಯಾಗಿ, ಒಂದು ಸೆಟ್ಟಿನ ಮುಂದೆ ನೂರರ ಆಸುಪಾಸಿಗೆ ನಿಂತರು. ಆರೋಗ್ಯ, ಕುಟುಂಬ ಯೋಜನೆಗಳ ತಿಳಿವಳಿಕೆ ಹೆಚ್ಚಿತು. ಅಕ್ಷರ ಬಾರದ ಹೆಂಗಸರೂ ಬಹಳಷ್ಟು ಕಲಿತರು. ಬೇಸಾಯದಲ್ಲಿ ಮಾತ್ರ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ. ಬೀಜ, ನೀರು, ಸಾಲ ಇಲ್ಲದವನಿಗೆ ಬರೀ ಮಾಹಿತಿ ಎಷ್ಟು ದಕ್ಕೀತು?

ವರ್ಷ ಮುಗಿಯಿತು. ಉಪಗ್ರಹ ಮರಳಿ ಅಮೆರಿಕದ ಕಡೆಗೆ ಸರಿಯಿತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಅದರ ವ್ಯಾಪ್ತಿಗೆ ಸಿಗದ ಹಳ್ಳಿಗಳಲ್ಲಿ ಪರದೆ ಕತ್ತಲಾಯಿತು. ಅಂಕಿ ಅಂಶಗಳು ಮಾತ್ರ ವರದಿಗಳಾಗಿ, ಪ್ರಬಂಧಗಳಾಗಿ ಜಗತ್ತು ಸುತ್ತಿದವು.

ಹಲಸಂಗಿಯ ಕಿವಿ

ವಿಶೇಷವೆಂದರೆ, 1976ರಲ್ಲೇ ಎವರೆಟ್ ರೋಜರ್ಸ್ ತಮ್ಮ ಬಳಗದ ಹಳೆಯ ನಂಬಿಕೆಯ ಕಾಲ ಮುಗಿಯಿತು ಎಂದು ಬರೆದರು. ಮೇಲಿನಿಂದ ಕೆಳಕ್ಕೆ ಮಾಹಿತಿ ಸುರಿದರೆ ಸಾಲದು. ಜನರ ಪಾಲುಗಾರಿಕೆ, ಸಮಾನತೆ, ಸ್ಥಳೀಯ ಜ್ಞಾನ ಬೇಕು ಎಂಬ ಅರಿವು ಮೂಡಿತ್ತು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಆರಂಭವಾದ ಸಮೂಹ ಸಂವಹನ ಸಂಶೋಧನಾ ಕೇಂದ್ರದಂಥ ಕಡೆ, ಮಾಧ್ಯಮ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂತು. 1980ರಲ್ಲಿ ಯುನೆಸ್ಕೊದ ಮೆಕ್‌ಬ್ರೈಡ್ ಆಯೋಗವೂ ಸುದ್ದಿ ಒಂದೇ ದಿಕ್ಕಿಗೆ ಹರಿಯುವುದನ್ನು ಪ್ರಶ್ನಿಸಿತು.

ಆದರೆ ಹಳ್ಳಿ ಬರೀ ಕೇಳುವ ಕಿವಿಯಲ್ಲ, ಹಾಡುವ ಬಾಯಿಯೂ ಹೌದು ಎಂಬ ಸತ್ಯ ಇಂಡಿ ತಾಲ್ಲೂಕಿಗೆ ಹೊಸದೇನೂ ಆಗಿರಲಿಲ್ಲ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ಅವರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಬಾಗೇವಾಡಿಯ ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಜನರ ಆಡುಮಾತಿನಲ್ಲಿ ವಚನ ಹೇಳಿದವನು. ಪಾರಿಜಾತದ ಆಟ, ಗೀಗೀ ಪದ, ಲಾವಣಿ, ಡೊಳ್ಳಿನ ಹಾಡು ಇವೆಲ್ಲ ಈ ಸೀಮೆಯ ಮಾಧ್ಯಮಗಳೇ. ಇವುಗಳಲ್ಲಿ ಹಾಡುವವರಿಗೆ ಎದುರು ಹಾಡುವವರೂ ಇರುತ್ತಾರೆ, ಸವಾಲಿಗೆ ಜವಾಬು ಇರುತ್ತದೆ. ಟಿ.ವಿ. ಪೆಟ್ಟಿಗೆಗೆ ಜವಾಬು ಹೇಳುವುದು ಹೇಗೆ?

ಹೋಗುವವರ ಮುಂದಿರುವ ಪ್ರಶ್ನೆ

ಇಂದು ಪತ್ರಿಕೋದ್ಯಮ ಕಲಿಯಲು ಈ ತಾಲ್ಲೂಕುಗಳವರು ಮೈಸೂರಿನವರೆಗೂ ಹೋಗಬೇಕಾಗಿಲ್ಲ. 2003ರಲ್ಲಿ ಬಿಜಾಪುರದಲ್ಲೇ ಆರಂಭವಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಅಲ್ಲಿಂದ ಮುಂದೆ ವಿದೇಶಕ್ಕೆ ಹೋಗಬೇಕೆನ್ನುವವರಿಗೆ ದಾರಿಗಳು ಹಲವು. ಇಂಗ್ಲೆಂಡಿನಲ್ಲಿ ಎಂ.ಎ. ಸಾಮಾನ್ಯವಾಗಿ ಒಂದು ವರ್ಷದ್ದು, ಅಮೆರಿಕೆಯಲ್ಲಿ ಹೆಚ್ಚಾಗಿ ಎರಡು ವರ್ಷದ್ದು. ಖರ್ಚು ಮಾತ್ರ ಮಧ್ಯಮ ವರ್ಗದವರಿಗೂ ನಿಲುಕುವಂಥದಲ್ಲ. ಹಾಗಾಗಿ ವಿದ್ಯಾರ್ಥಿವೇತನವೇ ಆಸರೆ.

ಭಾರತ–ಅಮೆರಿಕ ನಡುವೆ 1950ರಲ್ಲಿ ಆದ ಫುಲ್‌ಬ್ರೈಟ್ ಒಪ್ಪಂದ ಅಂಥ ಒಂದು ಬಾಗಿಲು. ಕೇಂದ್ರ ಸರ್ಕಾರ 1954–55ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇನ್ನೊಂದು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆಂದೇ ಇರುವ ಯೋಜನೆ ಇದು. ಆದರೆ 2022ರಲ್ಲಿ ಅದರ ನಿಯಮಗಳಿಗೆ ಒಂದು ಷರತ್ತು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳ ಅಧ್ಯಯನಕ್ಕೆ ಈ ಹಣ ಸಿಗದು ಎಂದು ಅದು ಹೇಳಿತು. ಅಂಥ ವಿಷಯಗಳಿಗೆ ಬೇಕಾದ ಸಂಪನ್ಮೂಲ, ತಜ್ಞರು ದೇಶದಲ್ಲೇ ಇದ್ದಾರೆ ಎಂಬುದು ಸರ್ಕಾರದ ವಾದ. ಇದಕ್ಕೆ ವಿದ್ವಾಂಸರಿಂದ, ವಿದ್ಯಾರ್ಥಿಗಳಿಂದ ವಿರೋಧ ಬಂತು.

ಸರ್ಕಾರದ ವಾದದಲ್ಲಿ ಹುರುಳಿಲ್ಲದಿಲ್ಲ. ಹಲಸಂಗಿಯ ಗೆಳೆಯರು ಎಲ್ಲಿಗೂ ಹೋಗದೆಯೇ ತಮ್ಮ ನೆಲವನ್ನು ಓದಿದರು. ಆದರೆ ಪ್ರಶ್ನೆ ಬೇರೆಯೇ ಇದೆ. ಬಿಜಾಪುರದ ಹಳ್ಳಿಗಳ ಕುರಿತ ಅಂಕಿ ಅಂಶಗಳು ಸಮುದ್ರ ದಾಟಿ ಐವತ್ತು ವರ್ಷವಾಯಿತು. ಅವುಗಳ ಮೇಲೆ ಯಾರೂ ಪಾಠ ಮಾಡಬಹುದು, ಪ್ರಬಂಧ ಬರೆಯಬಹುದು. ಆದರೆ ಸಿಂದಗಿಯ ಕೂಲಿಕಾರನ ಮಗಳು ಅದೇ ತರಗತಿಗೆ ಹೋಗಿ, ‘1975ರ ಆ ಸಂಜೆ ಪೆಟ್ಟಿಗೆಯ ಮುಂದೆ ಕುಳಿತವರು ಏನು ಯೋಚಿಸಿದರು ಎಂಬುದನ್ನು ನಾನು ಬರೆಯುತ್ತೇನೆ’ ಎಂದರೆ ಆ ವಿದ್ಯಾರ್ಥಿವೇತನದ ನಿಯಮ ಅಡ್ಡ ಬರುತ್ತದೆ.

ನಾಡಿಗ ಕೃಷ್ಣಮೂರ್ತಿ, ಗೋಪಾಲಸ್ವಾಮಿ ಅವರಂಥವರು ವಿದೇಶಕ್ಕೆ ಹೋಗಿ ಒಂದು ವಿದ್ಯೆಯನ್ನು ಇಲ್ಲಿಗೆ ತಂದರು. ಸೈಟ್ ಪ್ರಯೋಗ ಇಲ್ಲಿನ ಹಳ್ಳಿಯನ್ನು ಅಲ್ಲಿಗೆ ಒಯ್ದಿತು. ಉಳಿದಿರುವುದು ಮೂರನೆಯ ಕೆಲಸ: ಹಳ್ಳಿಯವರೇ ಅಲ್ಲಿಗೆ ಹೋಗಿ, ತಮ್ಮ ಬಗ್ಗೆ ಬರೆದಿಟ್ಟದ್ದನ್ನು ಓದಿ, ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು ಎಂದು ಹೇಳಿ ಬರುವುದು. ಅಂದು ಸಂಜೆ ಬೆರಗುಗಣ್ಣಿನಿಂದ ಪರದೆ ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಅವರ ನೆನಪು ಮಾಸುವ ಮುನ್ನ ಕೇಳಿ ಬರೆದುಕೊಳ್ಳುವ ಕೆಲಸವಾದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಶುರುವಾಗಬೇಕು. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.